ಚಿಟ್ಟಿಗೆ ಔಟಾಗಬೇಕು

"ಔಟ್! ಏಣಿ ಔಟ್! ನೀರಿನ ಟ್ಯಾಂಕ್ ಹಿಂದೆ!"

ಸೋಡಾಬುಡ್ಡಿ ಕುಣಿದಾಡಿದ. ಅವನ ದಪ್ಪ ಕನ್ನಡಕ ನೋಡಿ ಆ ಹೆಸರಿಟ್ಟವಳು ಏಣಿಯೇ. ಅವಳು ಟೈಲರ್ ಅಂಕಲ್ ಮಗಳು. ಬಿಲ್ಡಿಂಗಿನ ಮಕ್ಕಳಲ್ಲೆಲ್ಲ ಉದ್ದ, ಅದಕ್ಕೇ ಏಣಿ.

ಚಿಟ್ಟಿ ಮೆಟ್ಟಿಲ ಕೆಳಗೆ ಬಚ್ಚಿಟ್ಟುಕೊಂಡಿದ್ದಳು. ಬಚ್ಚಿಟ್ಟುಕೊಂಡಿದ್ದಳು ಅನ್ನುವುದು ಹೆಸರಿಗಷ್ಟೇ, ಅರ್ಧ ಮೈ ಹೊರಗೇ ಇತ್ತು. ಸೋಡಾಬುಡ್ಡಿ ಅವಳನ್ನು ನೋಡಿದ. ನೋಡಿ, ಸುಮ್ಮನೆ ಮುಂದೆ ಹೋದ.

"ಏಯ್, ನಾನು ಕಾಣಿಸ್ಲಿಲ್ವಾ?"

"ಕಾಣಿಸ್ದೆ. ಆದ್ರೆ ನೀನು ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಲ್ವಾ?"

ಚಿಟ್ಟಿಯ ಮನೆಯವರು ಆ ಬಿಲ್ಡಿಂಗಿಗೆ ಬಂದು ಒಂದು ತಿಂಗಳಾಗಿತ್ತು. ಅವಳ ಬಲಗಾಲು ಎಡಗಾಲಿಗಿಂತ ಸ್ವಲ್ಪ ಗಿಡ್ಡ. ಅದಕ್ಕೆ ಆ ಕಾಲಿಗೆ ದಪ್ಪ ಅಟ್ಟೆಯ ಶೂ. ನಡೆದರೆ ಟಕ್, ಟಕ್. ಮೊದಲ ದಿನವೇ ಏಣಿ ತೀರ್ಪು ಕೊಟ್ಟಿದ್ದಳು: "ಪಾಪ, ಇವಳಿಗೆ ಓಡಕ್ಕಾಗಲ್ಲ. ಯಾರೂ ಔಟ್ ಮಾಡ್ಬೇಡಿ."

ಏಣಿಯ ತಮ್ಮನಿಗೂ ಅದೇ ರೂಲ್. ಅವನಿಗೆ ಮೂರು ವರ್ಷ, ಬೆರಳು ಚೀಪುತ್ತಾ ಆಡುತ್ತಿದ್ದ. ಚಿಟ್ಟಿಗೆ ಹತ್ತು ವರ್ಷ. ಅವಮಾನವಾಗದೆ ಇರುತ್ತದೆಯೇ?

ಅಮ್ಮನಿಗೆ ಹೇಳಿದರೆ, "ಯಾರೂ ನಿನ್ನ ಗೋಳು ಹೊಯ್ಕೊಳ್ತಿಲ್ವಲ್ಲ. ಒಳ್ಳೇ ಮಕ್ಕಳು ಕಣೇ" ಅಂದರು.

ಒಳ್ಳೇ ಮಕ್ಕಳೇ. ಅದೇ ತೊಂದರೆ!

ಆ ರಾತ್ರಿ ಹಲ್ಲುಜ್ಜುವಾಗ ಚಿಟ್ಟಿಯ ತಲೆಗೆ ಒಂದು ಹುಳ ಹೊಕ್ಕಿತು. ಲೆಕ್ಕಕ್ಕೇ ಇಲ್ಲದವಳಿಗೆ ರೂಲ್ ಎಲ್ಲಿಂದ ಬಂತು?

ಮಾರನೆಯ ಸಂಜೆಯೂ ಹುಡುಕುವ ಸರದಿ ಸೋಡಾಬುಡ್ಡಿಯದೇ. ಏಣಿ ಹಿತ್ತಲಲ್ಲಿ ಒಣಹಾಕಿದ್ದ ಬೆಡ್‌ಶೀಟಿನ ಹಿಂದೆ ಉಸಿರು ಬಿಗಿಹಿಡಿದು ನಿಂತಳು. ಚಿಟ್ಟಿ ನೆಟ್ಟಗೆ ಅಲ್ಲಿಗೇ ಹೋದಳು. ಟಕ್, ಟಕ್, ಟಕ್.

"ಹೋಗೇ ಆಚೆ!" ಏಣಿ ಪಿಸುಗುಟ್ಟಿದಳು.

"ನಾನೇನ್ ಮಾಡ್ದೆ? ನಿಂತಿದೀನಿ ಅಷ್ಟೇ."

ಸದ್ದಿನ ಜಾಡು ಹಿಡಿದು ಸೋಡಾಬುಡ್ಡಿ ಬಂದೇಬಿಟ್ಟ. ಏಣಿ ಔಟ್!

ಅವಳಿ ಅಣ್ಣತಮ್ಮಂದಿರು ಸ್ಕೂಟರ್ ಹಿಂದೆ ಅಡಗಿದ್ದರು. ಚಿಟ್ಟಿ ಆ ಸ್ಕೂಟರಿನ ಮೇಲೇ ಕೂತು, "ಇಲ್ಲಿ ಯಾರೂ ಇಲ್ಲಪ್ಪಾ, ಯಾರೂ ಇಲ್ಲ" ಅಂತ ರಾಗ ಎಳೆದಳು. ಇಬ್ಬರೂ ಔಟ್!

ಸೋಡಾಬುಡ್ಡಿ ಖುಷಿಯಿಂದ ಉಬ್ಬಿಹೋದ. ಅವನನ್ನಾದರೂ ಬಿಟ್ಟಳೇ? "ಮೂರನೇ ಮಹಡೀಲಿ ಏನೋ ಸದ್ದಾಯ್ತು" ಅಂದಳು. ಅವನು ಮೇಲಕ್ಕೆ ಓಡಿದ. ಅಲ್ಲಿದ್ದವರು ರಿಟೈರ್ಡ್ ಮೇಷ್ಟ್ರು ತಾತ. ಸಿಕ್ಕಿದ್ದೇ ಚಾನ್ಸು ಅಂತ ಅವನಿಂದ ಹದಿನೇಳರ ಮಗ್ಗಿ ಹೇಳಿಸಿಯೇ ಬಿಟ್ಟರು. ಕೆಳಗೆ ಬಂದಾಗ ಅವನ ಮುಖ ಇಂಗು ತಿಂದ ಮಂಗನ ಹಾಗಿತ್ತು.

ಎಲ್ಲರೂ ಚಿಟ್ಟಿಯನ್ನು ಸುತ್ತುವರಿದರು.

"ಇದು ಮೋಸ! ನೀನು ಔಟ್!" ಏಣಿ ಕಿರುಚಿದಳು.

"ನಾನು ಲೆಕ್ಕಕ್ಕಿಲ್ವಲ್ಲ. ಅದ್ ಹೇಗೆ ಔಟ್ ಮಾಡ್ತೀರ?"

ಏಣಿ ನೆಲಕ್ಕೆ ಕಾಲು ಅಪ್ಪಳಿಸಿದಳು. ಅವಳ ಕಿವಿ ಕೆಂಪಾಯಿತು. "ಸರಿ! ಇವತ್ತಿಂದ ನೀನೂ ಲೆಕ್ಕಕ್ಕೆ. ಆಯ್ತಾ?"

ಚಿಟ್ಟಿಯ ನಗು ನಿಂತಿತು. ಮೆಲ್ಲಗೆ ಕೇಳಿದಳು, "ಈ ಶೂ ಇದೆ ಅಂತ ಬಿಟ್ಬಿಡ್ತೀರಾ?"

"ಬಿಡೋದಾ? ನಿನ್ನನ್ನಾ?" ಸೋಡಾಬುಡ್ಡಿ ಹಲ್ಲು ಕಡಿದ. "ಎಲ್ಲರಿಗಿಂತ ಮೊದ್ಲು ನಿನ್ನೇ ಹಿಡೀತೀನಿ, ನೋಡ್ತಾ ಇರು."

ಆ ಮೋಸದ ಆಟ ರದ್ದಾಗಿ, ಮತ್ತೆ ಅವನೇ ಹುಡುಕಿದ. ಹೇಳಿದಂತೆಯೇ ಮಾಡಿದ. ಚಿಟ್ಟಿ ಸೈಕಲ್‌ಗಳ ನಡುವೆ ನುಸುಳುವಷ್ಟರಲ್ಲಿ ಶೂ ಟಕ್ ಎಂದಿತು.

"ಔಟ್! ಚಿಟ್ಟಿ ಔಟ್!"

ಎಂಥಾ ಚೆಂದದ ಮಾತು! ಅಂಗಳದ ಕೊನೆಯವರೆಗೂ ಕೇಳಿಸಿತು.

ಈಗ ಎಣಿಸುವ ಸರದಿ ಅವಳದು. ಗೋಡೆಗೆ ಮುಖ ಮಾಡಿ ಶುರು ಮಾಡಿದಳು. ಹನ್ನೆರಡಕ್ಕೆ ಬರುವಷ್ಟರಲ್ಲಿ ಬೆನ್ನ ಹಿಂದೆ ಗಲಾಟೆ ಎದ್ದಿತು.

"ಮೋಸಗಾತಿ! ಬೆರಳ ಸಂದೀಲಿ ನೋಡ್ತಿದಾಳೆ!"

"ಮೊದಲಿಂದ ಎಣ್ಸು! ಮೊದಲಿಂದ!"

ನೋಡುತ್ತಿದ್ದುದೇನೋ ನಿಜ. ಚಿಟ್ಟಿ ಹಣೆಯನ್ನು ಗೋಡೆಗೆ ಒತ್ತಿ ಒಬ್ಬಳೇ ನಕ್ಕಳು. ಈ ಬಿಲ್ಡಿಂಗಿನಲ್ಲಿ ಅವಳ ಜೊತೆ ಯಾರಾದರೂ ಜಗಳಕ್ಕೆ ಬಂದದ್ದು ಇವತ್ತೇ ಮೊದಲು.

ಈ ಸಲ ಅವಳು ನಿಜವಾಗಿಯೂ ಕಣ್ಣು ಮುಚ್ಚಿದಳು.

"ಒಂದು... ಎರಡು..."