ಮಾಳಿಗೆಯ ಮೇಲಿನ ಬಿಸಿಲು

ಗಿರೀಶ ಮೊದಲ ಸಲ ಮತ್ತೋಡು ಊರಿನ ಆ ಮನೆಗೆ ಬಂದಾಗ ಯಶೋದಾ ಅವನನ್ನು ಬಾಗಿಲಲ್ಲೇ ತಡೆದಳು. ಅವನ ಕೈಯಲ್ಲಿ ಕಟಿಂಗ್ ಪ್ಲೇಯರ್, ಹೆಗಲ ಮೇಲೆ ವೈರಿನ ಸುರುಳಿ. ಲೈನ್ ಕಟ್ ಮಾಡಲು ಬಂದವನೆಂದೇ ಅವಳು ತಿಳಿದಿದ್ದಳು.

"ಒಳಗೆ ನಮ್ಮಪ್ಪ ಮಿಷಿನ್ ಹಾಕ್ಕಂಡು ಉಸಿರಾಡ್ತಾ ಅವ್ನೆ. ಫ್ಯೂಸ್ ಮುಟ್ಟಬ್ಯಾಡ್ರಿ."

"ನಾನು ಕರೆಂಟ್ ಕೊಡಾಕೆ ಬಂದೋನ್ರಿ. ಹಿರಿಯೂರಿಂದ. ಸೋಲಾರ್."

ಯಶೋದಾ ನಾಲಿಗೆ ಕಚ್ಚಿಕೊಂಡು ಪಕ್ಕಕ್ಕೆ ಸರಿದಳು. ಅವನು ತುಟಿ ಬಿಗಿಹಿಡಿದಿದ್ದರೂ ಕಣ್ಣು ನಗುತ್ತಿದ್ದವು.

ಕಲ್ಲು ಕ್ವಾರಿಯ ಧೂಳು ಕುಡಿದೂ ಕುಡಿದೂ ಅವಳ ಅಪ್ಪ ಯತ್ತಪ್ಪನ ಶ್ವಾಸಕೋಶ ಕಲ್ಲಾಗಿತ್ತು. ಕರೆಂಟ್ ಹೋದರೆ ಆಕ್ಸಿಜನ್ ಮಿಷಿನ್ ನಿಲ್ಲುತ್ತಿತ್ತು. ಅಪ್ಪನ ಉಗುರು ನೀಲಿಯಾಗುವುದನ್ನು ನೋಡುತ್ತ ಅವಳು ಬೀಸಣಿಗೆ ಬೀಸುತ್ತಿದ್ದಳು. ಎದುರು ಗುಡ್ಡದ ಮೇಲೆ ಗಾಳಿಫ್ಯಾನುಗಳು ಮಾತ್ರ ತಿರುಗುತ್ತಲೇ ಇರುತ್ತಿದ್ದವು, ಯಾರದೋ ಊರಿಗೆ ಬೆಳಕು ಕೊಡುತ್ತ. ಕೊನೆಗೆ ಅವಳು ಕುರಿಹಿಂಡನ್ನೇ ಮಾರಿ, ಮಾಳಿಗೆಯ ಮೇಲೆ ಪ್ಯಾನೆಲ್ಲು, ಬ್ಯಾಟರಿ ಹಾಕಿಸಲು ದುಡ್ಡು ಕಟ್ಟಿದ್ದಳು.

ಗಿರೀಶ ಕೆಲಸ ಮುಗಿಸುವ ಹೊತ್ತಿಗೇ ಊರಿನ ಕರೆಂಟ್ ಹೋಯಿತು. ಮಿಷಿನ್ ನಿಲ್ಲಲಿಲ್ಲ. ಯತ್ತಪ್ಪ ಎಚ್ಚರವೂ ಆಗದೆ ನಿದ್ದೆಯಲ್ಲೇ ಇದ್ದ. ಯಶೋದಾ ಹೊರಬಂದು ಮಜ್ಜಿಗೆಯ ಲೋಟ ಚಾಚಿದಳು. ಅವನು ಲೋಟ ಹಿಡಿದುಕೊಂಡನಷ್ಟೆ. ನೋಟ ಅವಳ ಮುಖದಿಂದ ಕೀಳಲಿಲ್ಲ.

ಆಮೇಲೆ ಅವನು ಮತ್ತೆ ಮತ್ತೆ ಬರತೊಡಗಿದ.

"ಪ್ಯಾನೆಲ್ ಮ್ಯಾಲೆ ಧೂಳು ಕುಂತ್ರೆ ಕರೆಂಟ್ ಕಮ್ಮಿ ಆಗ್ತೈತ್ರಿ."

"ಒದ್ದೆ ಬಟ್ಟೆ ತಗಂಡು ನೀವೇ ಒರೆಸ್ಕಳ್ರಿ ಅಂತ ಹೇಳಿದ್ರಲ್ಲ?"

"ಹೇಳಿದ್ನಾ?"

ಒಳಗಿಂದ ಯತ್ತಪ್ಪ ಉಸಿರು ಕೂಡಿಸಿಕೊಂಡು ಕೇಳುತ್ತಿದ್ದ, "ಏನಪ್ಪ, ಹಿರಿಯೂರಾಗೆ ಧೂಳೇ ಇಲ್ವೇನು?"

ಯಶೋದಾ ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು. ಮಾಳಿಗೆಯ ಮೇಲಿಂದ ಅವನು ಅದನ್ನೂ ನೋಡುತ್ತಿದ್ದ.

ಆಷಾಢದ ಒಂದು ಬೆಳಿಗ್ಗೆ, ಸೋನೆ ನಿಂತ ಮೇಲೆ, ಹಾಗೆ ನೋಡುತ್ತಿರುವಾಗಲೇ ಗಿರೀಶನ ಕಾಲು ಜಾರಿತು. ಬಟ್ಟೆ ಒಗೆಯುವ ಕಲ್ಲಿನ ಮೇಲೆ ಬೆನ್ನು ಬಡಿಯಿತು. ಸೊಂಟದ ಕೆಳಗೆ ಜೀವ ಬರುವುದಿಲ್ಲವೆಂದು ಡಾಕ್ಟರು ಹೇಳಿದರು.

ಅವಳು ಎಷ್ಟು ಸಲ ಫೋನ್ ಮಾಡಿದರೂ ಅವನು ಎತ್ತಲಿಲ್ಲ. "ಬರಬೇಡ್ರಿ" ಎಂಬ ಒಂದೇ ಮೆಸೇಜ್ ಬಂತು. ಅಪ್ಪನನ್ನು ಬಿಟ್ಟು ಹೊರಡುವಂತೆಯೂ ಇರಲಿಲ್ಲ.

ಅವಳು ಹಿರಿಯೂರಿನ ಬಸ್ಸು ಹತ್ತಿದಾಗ ಬೇಸಿಗೆ ಬಂದಿತ್ತು. ಬಾಗಿಲು ತೆರೆದ ಅವನ ತಾಯಿ ಮುದ್ದಕ್ಕ ಕೂರೆನ್ನಲಿಲ್ಲ.

"ನಿಮ್ಮ ಮನೆ ಬೆಳಕಾತು. ನಮ್ಮ ಮನೆ ನೋಡವ್ವ."

ಯಶೋದಾ ತಲೆ ತಗ್ಗಿಸಿ ಒಳಗೆ ಹೋದಳು. ಮಂಚದ ಮೇಲೆ ಗಿರೀಶ ಸೊರಗಿಹೋಗಿದ್ದ. ಅವಳನ್ನು ಕಂಡವನೇ ಮುಖ ಗೋಡೆಗೆ ತಿರುಗಿಸಿದ.

"ಬರಬೇಡ್ರಿ ಅಂದಿದ್ದೆ."

"ಓದಿದ್ದೆ."

"ನಿಮ್ಮಪ್ಪನ ಉಸಿರಿನ ಋಣ ತೀರಿಸಾಕೆ ಬಂದಿದ್ರೆ, ತೀರಿತು ಅನ್ಕಂಡು ಹೋಗ್ರಿ. ನಂಗೆ ಕನಿಕರ ಬ್ಯಾಡ."

ಅವಳು ಮಂಚದ ಪಕ್ಕ ನೆಲದ ಮೇಲೆ ಕುಳಿತಳು. ಆಮೇಲೆ ಮೆಲ್ಲಗೆ ಹೇಳಿದಳು.

"ಅಪ್ಪ ಹೋದ. ಹೋದ ತಿಂಗಳು."

ಅವನು ತಟ್ಟನೆ ತಿರುಗಿದ. "ಬ್ಯಾಟರಿ ಕೈಕೊಟ್ತಾ?"

"ಇಲ್ಲ. ಮಿಷಿನ್ ಓಡ್ತಾನೇ ಇತ್ತು. ಎದೇಲಿ ಉಸಿರಿಗೆ ಜಾಗ ಇರಲಿಲ್ಲ. ನೋವಿಲ್ದಂಗೆ ನಿದ್ದೇಲೇ ಹೋದ." ಅವಳು ನೇರ ಅವನ ಮುಖ ನೋಡಿದಳು. "ಇನ್ನು ಯಾರ ಋಣಾನೂ ಇಲ್ಲ. ಇವತ್ತು ನಂಗೋಸ್ಕರ ಬಂದಿದೀನಿ. ಕನಿಕರ ಅಲ್ಲ. ನಿಜ ಅಂದ್ರೆ, ಸಿಟ್ಟೈತೆ. ಇಷ್ಟು ದಿನ ಒಂದು ಮಾತಾಡಲಿಲ್ವಲ್ಲ ನೀವು."

"ಏನಂತ ಮಾತಾಡ್ಲಿ? ನಡೆಯಾಕಾಗಲ್ಲ ನಂಗೆ."

"ಗೊತ್ತು. ಗೊತ್ತಿದ್ದೇ ಬಂದಿರೋದು."

ಗಿರೀಶ ಕಣ್ಣು ಮುಚ್ಚಿಕೊಂಡ. ರೆಪ್ಪೆಯಂಚಿನಿಂದ ನೀರು ದಿಂಬಿಗೆ ಇಳಿಯಿತು. ಅಪ್ಪನನ್ನು ಮಣ್ಣು ಮಾಡುವಾಗಲೂ ಅಳದಿದ್ದ ಯಶೋದಾ ಆಗ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಬಹಳ ಹೊತ್ತಿನ ಮೇಲೆ ಮುಖ ಒರೆಸಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಎದ್ದಳು.

ಅವನು ಅವಳ ಮಣಿಕಟ್ಟು ಹಿಡಿದ. ಇದುವರೆಗೆ ಬಹುವಚನ ಬಿಡದ ಅವನ ಬಾಯಿಂದ ಬಂದದ್ದು ಬೇರೆಯೇ ಮಾತು.

"ಹೋಗಬ್ಯಾಡ, ಯಶೋದಾ. ಕುಂತ್ಕ."

ಅವಳು ಮಂಚದ ಅಂಚಿಗೆ ಕುಳಿತಳು. ಅವನು ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಮುದ್ದಕ್ಕ ಇನ್ನೂ ಬಿಗಿಯಾದ ದನಿಯಲ್ಲೇ ಮಗನನ್ನು ಕೂಗಿ ಕೇಳಿದಳು.

"ಲೇ, ಆ ಹುಡುಗಿ ಉಂಡೈತೇನೋ, ಕೇಳು."