ನೆರಳಲ್ಲಿ ಆರಬೇಕಾದ ಬಟ್ಟಲು

ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದಾಗ, ಅದರ ತೆಳು ಮರದ ಆಚೆಗೆ ಮಂಗಳವ್ವನಿಗೆ ತನ್ನದೇ ಬೆರಳುಗಳ ನೆರಳು ಕಂಡಿತು. ಹಾಲೆಮರವನ್ನು ಇಷ್ಟು ತೆಳ್ಳಗೆ ಕಡೆಯುವವರನ್ನು ಅವಳು ಅಪ್ಪನನ್ನು ಬಿಟ್ಟರೆ ನೋಡಿರಲಿಲ್ಲ.

"ಇದು ನನ್ನ ಬೈರಿಗಿ ತಾಳತೈತೇನ್ರಿ?"

ಕಡೆಯುವ ಯಂತ್ರದ ಮುಂದೆ ಕುಳಿತಿದ್ದ ಡಾಕಪ್ಪ ತಲೆ ಎತ್ತಿದ. "ನಿಮ್ಮ ಕೈ ಹಗುರ ಇದ್ದರ ತಾಳತೈತ್ರಿ."

ಅವನು ಕೆಲಸಕ್ಕೆ ಸೇರಿದ ಮೊದಲ ದಿನವೇ ಇಂಥ ಮಾತು... ಅವಳ ಕೆನ್ನೆ ಬಿಸಿಯಾಯಿತು. ಸಿಟ್ಟಿಗೋ, ಮತ್ತೇತಕ್ಕೋ, ಅವಳಿಗೇ ತಿಳಿಯಲಿಲ್ಲ.

ಅದು ಎಂಬತ್ತೊಂಬತ್ತನೆಯ ಇಸವಿ, ಸಂಕ್ರಾಂತಿ ಕಳೆದ ಹೊಸತು. ಅಪ್ಪ ತೀರಿದ ಮೇಲೆ ಬ್ಯಾಡಗಿಯ ಆ ಸಣ್ಣ ಕಾರ್ಖಾನೆಯಲ್ಲಿ ಕಡೆಯುವ ಕೈ ಇರಲಿಲ್ಲ. ಬಟ್ಟಲಿಗೆ ಜಾಲರಿ ಕೊರೆಯುವುದು ಮಾತ್ರ ಮಂಗಳವ್ವನಿಗೆ ಬರುತ್ತಿತ್ತು. ಅವ್ವ ಮೊದಲೇ ತೀರಿದ್ದಳು, ಮನೆಯಲ್ಲಿ ಜೊತೆಗಿದ್ದವಳು ಅಜ್ಜಿ ಒಬ್ಬಳೇ. ಗುತ್ತಲದ ಡಾಕಪ್ಪ ತಾನಾಗಿಯೇ ಕೇಳಿಕೊಂಡು ಬಂದ. ಆದರೆ ಅವನು ಮೊದಲು ದುಡಿದದ್ದು ರಾಣೆಬೆನ್ನೂರಿನ ಒಂದು ಅಂಗಡಿಯಲ್ಲಿ. ಅಪ್ಪ ಬರೆದ ಬಳ್ಳಿಯ ಜಾಲರಿ ವಿನ್ಯಾಸವನ್ನು ಕದ್ದು, ತಮ್ಮದೆಂದು ಮಾರಿದವರು ಆ ಅಂಗಡಿಯವರೇ.

'ಇವನನ್ನ ಅವರೇ ಕಳಿಸಿದರೋ ಏನೋ...'

ಹಾವೇರಿಯ ಅಂಗಡಿಯೊಂದು ಯುಗಾದಿಗೆ ಹನ್ನೆರಡು ಬಟ್ಟಲು ಕೇಳಿತ್ತು. ಅವು ಸರಿಯಾಗಿ ಹೋದರೆ ಅಪ್ಪನ ಕೆಲಸ ಉಳಿಯುತ್ತದೆ, ಇಲ್ಲವಾದರೆ ಕಾರ್ಖಾನೆಗೆ ಬೀಗ.

ಮಂಗಳವ್ವ ಬಟ್ಟಲಿನ ಮೈಮೇಲೆ ಪೆನ್ಸಿಲಿನಿಂದ ಬಳ್ಳಿ ಬರೆಯುತ್ತಿದ್ದಳು. ಒಂದೊಂದು ಎಲೆಯೊಳಗೂ ಬೈರಿಗೆಯಿಂದ ತೂತು ಹಾಕಿ, ಅದರಲ್ಲಿ ಕೂದಲಿನಂಥ ಗರಗಸದ ಅಲಗು ಪೋಣಿಸಿ, ಉಸಿರು ಬಿಗಿಹಿಡಿದು ಕೊಯ್ಯುತ್ತಿದ್ದಳು. ಆಮೇಲೆ ಅಂಚು ಉಜ್ಜಿ, ಅಗಸೆ ಎಣ್ಣೆ ಸವರಿ, ಹಿತ್ತಲಿನ ನೆರಳಿನ ಹಲಗೆಯ ಮೇಲೆ ಮೂರು ದಿನ ಆರಲು ಬಿಡುವಳು. ಕೊನೆಗೆ ಜೇನುಮೇಣ.

ಮೊದಲ ನಾಲ್ಕು ಬಟ್ಟಲು ಮೇಣ ಕಾಣುವ ಮೊದಲೇ ಬಾಯಿಂದ ಬುಡದವರೆಗೆ ಸೀಳಿದವು.

ತೆಳುವಾಯಿತೆಂದು ಅವಳು ಬೈದಳು. ಅವನು ಮುಂದಿನವನ್ನು ದಪ್ಪಗೆ ಕಡೆದ. ಅವೂ ಸೀಳಿದವು.

ಈಗ ಅವಳಿಗೆ ನಿದ್ದೆಯಲ್ಲೂ ಸಂಶಯವೇ. ಹಸಿ ಮರ ತಂದನೋ? ಬೇಕಂತಲೇ ಮಾಡಿದನೋ? ಅವನು ನಕ್ಕರೆ ಯಾಕೆ ನಕ್ಕ, ಸುಮ್ಮನಿದ್ದರೆ ಏನು ಮುಚ್ಚಿಟ್ಟ... ಆದರೂ ಅವನ ಯಂತ್ರದ ಸದ್ದು ನಿಂತರೆ ಅವಳ ಕೈಯೂ ನಿಲ್ಲುತ್ತಿತ್ತು. ಅದಕ್ಕೇನು ಹೇಳಬೇಕು?

ಒಂದು ಮಧ್ಯಾಹ್ನ ಅವಳು ಹಿತ್ತಲಿಗೆ ಬಂದಾಗ ಅವನು ಸೀಳಿದ ಬಟ್ಟಲೊಂದನ್ನು ಹಿಡಿದು, ಜಾಲರಿಯ ಸಂದಿನಿಂದ ಸೂಜಿಯಲ್ಲಿ ಏನನ್ನೋ ಕೆದಕಿ ಕಾಗದಕ್ಕೆ ಹಾಕುತ್ತಿದ್ದ. ಅವಳನ್ನು ಕಂಡು ಕಾಗದ ಮಡಚಿದ.

ಅವಳು ಕಸಿದುಕೊಂಡು ಬಿಚ್ಚಿದಳು. ಮೂರು ಮೆಣಸಿನಕಾಯಿ ಬೀಜ! ಬ್ಯಾಡಗಿಯಲ್ಲಿ ಆ ಸುಗ್ಗಿಯ ದಿನಗಳಲ್ಲಿ ಯಾರ ಸೆರಗಿನಲ್ಲಿ ಇರುವುದಿಲ್ಲ ಅವು?

"ಇದನ್ನ ಯಾಕ ಮುಚ್ಚತೀರಿ? ಖರೇ ಹೇಳ್ರಿ, ಯಾರ ಕಳಿಸ್ಯಾರ ನಿಮ್ಮನ್ನ?"

ಅವನು ಸೀಳಿದ ಬಟ್ಟಲನ್ನು ಹಲಗೆಯ ಮೇಲಿಟ್ಟ. ಆಮೇಲೆ, "ತಪ್ಪು ನಂದ ಅಂತ ತಿಳೀರಿ. ಈಗ ಹಿಡಿದ ನಾಲ್ಕು ಮುಗಿಸಿ ಹೋಗತೇನಿ," ಎಂದ.

'ಇಲ್ಲ ಅನ್ನಬಾರದಿತ್ತೇ ಒಮ್ಮೆಯಾದರೂ...' ಅವಳು ಮುಖ ತಿರುಗಿಸಿ ಅತ್ತಳು.

ಹೇಳಿದಂತೆ ಅವನು ನಾಲ್ಕನ್ನೂ ಕಡೆದುಕೊಟ್ಟ. ಅವಳ ಕೊರೆತ ಮುಗಿದು ಎಣ್ಣೆ ಸವರಿದ ಮರುದಿನ, ಉಳಿ-ಉಪಕರಣ ಚೀಲಕ್ಕೆ ತುಂಬಿ ಹೊರಟ. ಹನ್ನೊಂದರ ಸುಮಾರಿಗೆ ಮಂಗಳವ್ವ ಹಿತ್ತಲಿಗೆ ಹೋದರೆ ನೆರಳಿನ ಹಲಗೆ ಬರಿದಾಗಿತ್ತು.

'ಕದ್ದನೇ?' ಅಜ್ಜಿಯನ್ನು ಕೇಳೋಣವೆಂದು ಮಾಳಿಗೆ ಹತ್ತಿದಳು.

ಅಲ್ಲಿ ಉರಿಬಿಸಿಲಿನಲ್ಲಿ, ಕೆಂಪು ಮೆಣಸಿನಕಾಯಿಯ ಹಾಸಿನ ನಡುವೆ, ನಾಲ್ಕು ಬಟ್ಟಲೂ ಬೋರಲಾಗಿದ್ದವು. ತಾಯಿಯ ತಾಯಿ ಗುಡ್ಡವ್ವ, ಮೆಣಸಿನಕಾಯಿ ತಿರುವಿದಂತೆ ಅವನ್ನೂ ತಿರುವುತ್ತಿದ್ದಳು! ಮೆಣಸಿನಕಾಯಿ ಬೆಳೆಯುವ ಮನೆತನದ ಆ ಮುದುಕಿಗೆ, ಒಣಗುವುದೆಂದರೆ ಬಿಸಿಲಿನಲ್ಲೇ ಒಣಗಬೇಕು.

"ಲಗೂ ಆರಲಿ ಅಂತ ತಂದೇನಿ ಯವ್ವಾ. ಸಂಜೀಕ ಮತ್ತ ಅಲ್ಲೇ ಇಡತೇನಿ, ದಿನಾ ಇಟ್ಟಂಗ. ಆ ಡಾಕಪ್ಪ ಹೋಗೂ ಮುಂದ ಕಾಲು ಮುಟ್ಟಿ, ಆಯಿ, ಬಟ್ಟಲ ನೆರಳಾಗ ಇರಲಿ ಅಂದ. ಒಣಗಸೂದನ್ನ ನನಗ ಕಲಸ್ತಾನ ಆ ಗುತ್ತಲದಾಂವ!"

ಮಂಗಳವ್ವನಿಗೆ ಆ ಮೂರು ಬೀಜಗಳ ಅರ್ಥ ಆಗ ಹೊಳೆಯಿತು. ಬಟ್ಟಲುಗಳನ್ನು ಸೀಳಿದ್ದು ಈ ಮಾಳಿಗೆಯ ಬಿಸಿಲು. ಮಗಳನ್ನು ಕಳೆದುಕೊಂಡು ಗೋಡೆಗೆ ಮುಖ ಮಾಡಿ ಕೂತಿದ್ದ ಅಜ್ಜಿ, ಈ ಸುಗ್ಗಿಗೆ ಮತ್ತೆ ಎದ್ದು ಓಡಾಡುತ್ತಿದ್ದಳು. ಅವಳ ಕೈಯಿಂದಲೇ ಹಾಳಾಯಿತೆಂದು ಹೇಳುವ ಬದಲು, ಅವನು ಕಳಂಕ ಹೊತ್ತು ಹೊರಟಿದ್ದ.

ಅವಳೂ ಅಜ್ಜಿಗೆ ಏನೂ ಹೇಳಲಿಲ್ಲ. ಮೇಣ ಹದ ಮಾಡಲು ನೀನೇ ಬೇಕು, ಕೆಳಗೆ ಬಾ ಎಂದು ಕರೆತಂದು, ಬಟ್ಟಲುಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದಳು. ಸೀಳಿರಲಿಲ್ಲ. ನೆರಳಿಗಿಟ್ಟು ಬಸ್ ನಿಲ್ದಾಣಕ್ಕೆ ಓಡಿದಳು.

ಗುತ್ತಲದ ಬಸ್ಸಿನ ಕಿಟಕಿಯಲ್ಲಿ ಅವನಿದ್ದ.

"ನನಗ ಒಂದು ಮಾತು ಹೇಳಬೇಕಾಗಿತ್ತು ನೀವು."

"ಹೇಳಿದ್ದರ ನೀವು ಆಯಿನ್ನ ಬೈತಿದ್ದಿರಿ. ಆಮ್ಯಾಲ ಒಬ್ಬರ ಕುಂತು ಅಳತಿದ್ದಿರಿ."

ಅವಳ ಕಣ್ಣು ತುಂಬಿತು. "ಇನ್ನೂ ಒಂದು ಸಂಶಯ ಉಳದೈತಿ. ನಮ್ಮ ಕಾರ್ಖಾನೆಗೆ ಯಾಕ ಬಂದ್ರಿ?"

"ರಾಣೆಬೆನ್ನೂರಾಗ ನಿಮ್ಮ ಕೊರೆತದ ಬಟ್ಟಲ ನೋಡಿದ್ದೆ. ಕೊರದಾಕಿನ್ನ ನೋಡಬೇಕು ಅನಿಸಿತು." ಚೀಲದ ದಾರ ತಿರುವುತ್ತ, "ನೋಡಿದ ಮ್ಯಾಲ ತಿರುಗಿ ಹೋಗೂ ಮನಸ್ಸು ಬರಲಿಲ್ಲ," ಎಂದ.

ಕಂಡಕ್ಟರ್ ಸೀಟಿ ಊದಿದ.

"ಹಂಗಾರ ಯಾಕ ಕುಂತೀರಿ? ಇನ್ನ ಎಂಟು ಬಟ್ಟಲ ಕಡಿಯೂದೈತಿ. ಚೀಲ ಇಳಸ್ರಿ."

"ಆಯಿ ಏನಂತಾರ?"

"ನೆರಳಿನ್ಯಾಗ ಕುಂತು ಮೇಣ ಹದಾ ಮಾಡಾಕತ್ತಾಳ. ಮದಿವಿ ಮಾತು ನಾನ ತಗೀತೇನಿ. ನೀವು ಬರೇ ಹೂಂ ಅನ್ರಿ."

"ಹೂಂ," ಎಂದ ಡಾಕಪ್ಪ, ಕಿಟಕಿಯಿಂದಲೇ ಚೀಲವನ್ನು ಅವಳ ಕೈಗೆ ಕೊಡುತ್ತ.