ಹೆಸರು ಕೇಳಲು ಬಂದವನು

"ನಿಮ್ಮ ಹೆಸರು ಕೇಳೋಕೆ ಬಂದಿದ್ದೀನಿ" ಎಂದ ಆ ಹುಡುಗ.

ಅರಬಾ ಬಾಣಲೆಯಿಂದ ಕಣ್ಣೆತ್ತಲಿಲ್ಲ. ಮೊರೀ ಊರಿನ ಕಡಲ ದಂಡೆಯಲ್ಲಿ ಹೀಗೆ ಮಾತು ತೆಗೆಯುವ ಹುಡುಗರಿಗೆ ಬರವಿರಲಿಲ್ಲ.

"ಡಬ್ಬದ ಮೇಲೇ ಬರೆದಿದೆಯಲ್ಲ. ಓದೋಕೆ ಬರಲ್ವಾ?"

"ಓದಿದೆ. ಅದನ್ನೇ ಕೇಳ್ತಿರೋದು. ಬಿಟ್ಟುಕೊಡಬೇಕಂತೆ."

ಆಗ ಅವಳು ಕಣ್ಣೆತ್ತಿದಳು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮರಳು ತುಂಬಿಕೊಂಡ ಕರಿ ಶೂ, ಕೈಯಲ್ಲೊಂದು ಕಂದು ಲಕೋಟೆ. ಲಕೋಟೆಯ ಮೇಲೆ ಅವನ ಬೆವರಿನ ಬೆರಳಚ್ಚು ಮೂಡಿತ್ತು. ಹೆದರಿರುವುದು ತಾನೋ ಅವನೋ ಎಂದು ಅವಳಿಗೆ ಒಂದು ಕ್ಷಣ ತಿಳಿಯಲಿಲ್ಲ.

ಪಕ್ಕದಲ್ಲಿ ಬಲೆ ಹೊಲಿಯುತ್ತಿದ್ದ ಅವಳ ಅಪ್ಪ ನಕ್ಕ. "ನಮ್ಮಲ್ಲಿ ಹೆಣ್ಣು ಕೇಳೋಕೆ ಬರೋರು ಮನೆಯವರನ್ನ ಕರ್ಕೊಂಡು, ಜಿನ್ ಬಾಟಲಿ ಹಿಡ್ಕೊಂಡು ಬರ್ತಾರೆ. ಇವನು ಒಬ್ಬನೇ ಲಕೋಟೆ ಹಿಡ್ಕೊಂಡು ಬಂದಿದ್ದಾನೆ!"

ಹುಡುಗನ ಕಿವಿಯವರೆಗೂ ನಾಚಿಕೆ ಹತ್ತಿತು.

ಅವನು ರಾಜಧಾನಿ ಅಕ್ರಾದ ಒಂದು ಲಾಯರ್ ಆಫೀಸಿನ ಜೂನಿಯರ್. ಅಲ್ಲಿನ ಕಂಪನಿಯೊಂದು ಎಂಟು ವರ್ಷದ ಹಿಂದೆಯೇ ತನ್ನ ಖಾರದ ಬಾಟಲಿಗೆ 'ಅರಬಾ' ಎಂಬ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿಕೊಂಡಿತ್ತು. ಈಗ ಇಂಟರ್ನೆಟ್ಟಿಗೆ ಇಳಿಯೋಣವೆಂದರೆ ಅರಬಾ ಡಾಟ್ ಕಾಮ್ ಎಂಬ ವಿಳಾಸ ಮೂರು ವರ್ಷದಿಂದ ಇವಳ ಕೈಯಲ್ಲಿತ್ತು. ಒಣಮೀನು, ಮೆಣಸಿನಕಾಯಿ ಸೇರಿಸಿ ಎಣ್ಣೆಯಲ್ಲಿ ಕಪ್ಪಗಾಗುವ ತನಕ ಹುರಿದ ಅವಳ ಶಿಟೋ ಆ ವೆಬ್‌ಸೈಟಿನ ದಾರಿಯಲ್ಲೇ ಊರೂರಿನ ಹಾಸ್ಟೆಲ್ ಮಕ್ಕಳ ಟ್ರಂಕು ಸೇರುತ್ತಿತ್ತು. ಆರನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ, ತನ್ನ ಡಬ್ಬಗಳಾದರೂ ದೊಡ್ಡ ಶಾಲೆಗಳಿಗೆ ಹೋಗುತ್ತವಲ್ಲ ಎಂಬುದೊಂದು ಸಮಾಧಾನ.

"ಅಂದ್ರೆ ನಾನು ಕಳ್ಳಿ?"

"ಕಾಗದ ಹಾಗನ್ನುತ್ತೆ. ನಾನಲ್ಲ."

"ಕಾಗದಕ್ಕೆ ಕಾಲಿರಲ್ಲ. ಹೊತ್ತು ತಂದೋರು ನೀವೇ ತಾನೆ?" ಅವಳು ಸೌಟನ್ನು ದಂಡೆಯ ಕಡೆ ತೋರಿಸಿದಳು. "ನಮ್ಮಲ್ಲಿ ಮಂಗಳವಾರ ಹುಟ್ಟಿದ ಹೆಣ್ಣೆಲ್ಲ ಅರಬಾನೇ. ಇಲ್ಲಿ ನಿಂತು ಕೂಗಿ ನೋಡಿ, ಮೂವತ್ತು ಜನ ತಿರುಗ್ತಾರೆ. ಅವರಿಗೆಲ್ಲ ಲಕೋಟೆ ತಂದಿದ್ದೀರಾ?"

ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕರೆ ಅವನ ಎಡಗೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. "ನಾನೂ ಮಂಗಳವಾರದವನೇ. ಎಬೋ ಅಂತ."

ಅವಳು ಲಕೋಟೆ ತೆಗೆದುಕೊಂಡಳು. ಗುಳಿಯನ್ನೂ ನೋಡಿಬಿಟ್ಟಿದ್ದಳು.

ಮುಂದಿನ ಮಂಗಳವಾರ ಎಬೋ ಲಕೋಟೆ ಇಲ್ಲದೆ ಬಂದ. ಮಂಗಳವಾರ ಸಮುದ್ರಕ್ಕೆ ರಜೆ, ಯಾರೂ ದೋಣಿ ಇಳಿಸುವುದಿಲ್ಲ. ದಂಡೆಯ ತುಂಬ ಜನ. ಎಲ್ಲರೂ ನೋಡುತ್ತಿದ್ದಾರೆಂದು ಗೊತ್ತಿದ್ದೂ ಅವನು ಮರಳಲ್ಲೇ ಕೂತು, ಮೆಕ್ಕೆಜೋಳದ ಹಿಟ್ಟು ಬೇಯಿಸಿದ ಕೆಂಕಿ ಉಂಡೆಯನ್ನು ಅವಳ ಶಿಟೋಗೆ ಅದ್ದಿ ತಿಂದ. ಕಣ್ಣಲ್ಲಿ ನೀರು ಬಂತು.

"ಖಾರಾನಾ ಲಾಯರ್ ಸಾಹೇಬ್ರೆ?"

"ಇಲ್ಲ, ಇಲ್ಲ."

"ಸುಳ್ಳು ಹೇಳೋದೂ ಆಫೀಸಲ್ಲೇ ಕಲಿಸ್ತಾರಾ?"

ನೀರಿನ ಲೋಟ ಕೊಟ್ಟಳು. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಸಮುದ್ರ ನೋಡಿದರು.

ಮೂರನೆಯ ಮಂಗಳವಾರ ಅವನ ಮುಖದಲ್ಲಿ ಗುಳಿ ಇರಲಿಲ್ಲ. "ಕೇಸ್ ಹಾಕಿಬಿಟ್ರು. ಇಪ್ಪತ್ತು ದಿನದೊಳಗೆ ಉತ್ತರ ಕೊಡಬೇಕು. ಎಲ್ಲೋ ದೂರದ ದೇಶದಲ್ಲಿ ಒಬ್ಬರು ಕೂತು ಬರೀ ಕಾಗದ ಓದಿ ತೀರ್ಪು ಕೊಡ್ತಾರೆ."

"ನಾನು ಹೋಗಿ ಮಾತಾಡೋಕಾಗಲ್ವಾ?"

"ಯಾರೂ ಆಗಲ್ಲ." ಅವನು ಸುತ್ತ ನೋಡಿ ದನಿ ತಗ್ಗಿಸಿದ. "ನಾನು ಆ ಕಡೆಯವನು, ಹೇಳಬಾರದು. ಈ ಹೆಸರು ಹುಟ್ಟಿನಿಂದಲೇ ನಿನ್ನದು ಅಂತ ತೋರಿಸಿದ್ರೆ ಅವರಿಗೆ ಕಿತ್ಕೊಳ್ಳೋದು ಕಷ್ಟ. ತಾರೀಖಿರೋ ಗುರುತಿನ ಚೀಟಿ ಕಳಿಸು. ಮಂಗಳವಾರ ಹುಟ್ಟಿದವಳು ಅರಬಾ ಅಲ್ಲದೆ ಇನ್ಯಾರು?"

ಅವನು 'ನೀನು' ಎಂದದ್ದು ಅವಳಿಗೆ ಮೊದಲು ಕೇಳಿಸಿತು, ಉಳಿದದ್ದು ಆಮೇಲೆ. ಲಂಗದ ಗಂಟಿನಿಂದ ಚೀಟಿ ತೆಗೆದು ಹಿಡಿದಳು. ಎಬೋ ಚೀಟಿ ನೋಡಲಿಲ್ಲ. ಎಣ್ಣೆ ಸಿಡಿದು ಚುಕ್ಕಿ ಚುಕ್ಕಿಯಾಗಿದ್ದ ಅವಳ ಕೈ ನೋಡಿದ.

ಅವಳು ಬಲ್ಲವರನ್ನು ಕೇಳಿ, ಬರೆಸಿ, ಉತ್ತರ ಕಳಿಸಿದಳು. ಜೊತೆಗೆ ಚೀಟಿಯ ಪ್ರತಿ.

ಚೀಟಿಯಲ್ಲಿದ್ದದ್ದು ಅವಳ ಶಾಲೆಯ ಹೆಸರು, ಪೇಷೆನ್ಸ್ ಎಗ್ಯಿರ್; ಅರಬಾ ಎಂದು ಎಲ್ಲೂ ಇರಲಿಲ್ಲ. ಹುಟ್ಟಿದ್ದು ಆಗಸ್ಟ್ ಹನ್ನೆರಡು, ಸಾವಿರದ ಒಂಬೈನೂರ ತೊಂಬತ್ತೊಂಬತ್ತು. ಅದು ಗುರುವಾರ.

ಗುರುವಾರ ಹುಟ್ಟಿದ ಹೆಣ್ಣು ಅಬಾ, ಅರಬಾ ಅಲ್ಲ.

ತೀರ್ಪು ಬಂದ ದಿನ ಎಬೋ ಅಕ್ರಾದಿಂದ ಎರಡು ಬಸ್ಸು ಬದಲಿಸಿ ಬಂದ. ಅವಳ ಮುಂದೆ ಕೂರಲಿಲ್ಲ, ನಿಂತೇ ಹೇಳಿದ. "ಹೆಸರು ಅವರಿಗೇ ಹೋಯ್ತು. ನಮ್ಮ ಸೀನಿಯರ್ ಕ್ಯಾಲೆಂಡರ್ ತೆಗೆದು ನೋಡಿಬಿಟ್ರು. ಈ ಹೆಂಗಸಿಗೂ ಈ ಹೆಸರಿಗೂ ಸಂಬಂಧವಿಲ್ಲ ಅಂತ ಬರೆಸಿದ್ರು. ಟೈಪ್ ಮಾಡಿದ್ದು ನಾನೇ."

ಅಪ್ಪನ ಕೈಯ ಬಲೆ ಜಾರಿತು. "ಅಯ್ಯೋ! ಶಾಲೆಗೆ ಸೇರಿಸುವಾಗ ಮೇಷ್ಟ್ರು ತಾರೀಖು ಕೇಳಿದ್ರು. ವಾರ ಮರೆಯೋರು ನಮ್ಮಲ್ಲಿಲ್ಲ, ತಾರೀಖು ಯಾರಿಗೆ ಗೊತ್ತು? ಬಾಯಿಗೆ ಬಂದದ್ದು ಹೇಳಿದೆ. ಇವಳು ಮೊದಲು ಅತ್ತಾಗ ನಾನು ಇಲ್ಲೇ ಬಲೆ ಹೊಲೀತಿದ್ದೆ ಕಣಪ್ಪಾ. ಗುರುವಾರ ಆಗಿದ್ರೆ ನಡುನೀರಲ್ಲಿರ್ತಿದ್ದೆ. ಅದನ್ನ ಹೇಳು ಅವರಿಗೆ!"

"ಹೇಳೋ ಸಮಯ ಮುಗಿದಿದೆ ಅಪ್ಪಾ."

ಎಬೋ ಹಾಗೆ 'ಅಪ್ಪಾ' ಎಂದದ್ದಕ್ಕೆ ಯಾರೂ ನಗಲಿಲ್ಲ.

"ನೀನು ಅವತ್ತು ಚೀಟಿ ನೋಡಿದ್ರೆ..." ಎಂದಳು ಅರಬಾ. ಅವನು ಏನು ನೋಡುತ್ತಿದ್ದನೆಂದು ಅವಳಿಗೂ ಗೊತ್ತಿತ್ತು. ಬೈಯಬೇಕೆಂದರೆ ತನ್ನ ಕೈಯನ್ನೇ ಬೈಯಬೇಕು.

ತೀರ್ಪು ಜಾರಿಗೆ ಬರಲು ಇದ್ದ ಹತ್ತು ಕೆಲಸದ ದಿನ ಕಳೆದವು. ಫೋನಿನಲ್ಲಿ ಅರಬಾ ಡಾಟ್ ಕಾಮ್ ಎಂದು ಒತ್ತಿದರೆ ಕಂಪನಿಯ ಕೆಂಪು ಬಾಟಲಿ ಬರತೊಡಗಿತು. ಅವಳು ಡಬ್ಬಗಳಿಂದ ಹೆಸರಿನ ಚೀಟಿಗಳನ್ನು ಒಂದೊಂದಾಗಿ ಕೆರೆದಳು. ಅಂಟು ಉಳಿದೇ ಉಳಿಯಿತು.

ಆಮೇಲಿನ ಮಂಗಳವಾರ ಎಬೋ ಬರಿಗಾಲಲ್ಲಿ, ಶೂ ಕೈಯಲ್ಲಿ ಹಿಡಿದು ಬಂದ.

"ಕೆಲಸ ಬಿಟ್ಯಾ?" ಅವಳು ತಲೆಯೆತ್ತದೆ ಕೇಳಿದಳು.

"ಇಲ್ಲ. ತಂಗಿಯರ ಓದು ನನ್ನ ಮೇಲಿದೆ. ಬಿಟ್ಟೆ ಅಂತ ಸುಳ್ಳು ಹೇಳೋಣ ಅನ್ನಿಸಿತು. ಆಗಲಿಲ್ಲ."

"ಮತ್ತೆ ಯಾಕೆ ಬಂದೆ?"

"ಈ ಸಲ ಹೆಸರು ಕೇಳೋಕಲ್ಲ."

ಸೌಟು ನಿಂತಿತು. ಅಪ್ಪ ಕೆಮ್ಮಿ, ಬಲೆ ಎತ್ತಿಕೊಂಡು ದೋಣಿಯ ಆಚೆ ಬದಿಗೆ ಹೋದ.

"ಏನಂತ ಕರೀಲಿ ನಿನ್ನ?" ಎಂದ ಎಬೋ. "ಕಾಗದದ ಪ್ರಕಾರ..."

"ಕಾಗದ ಬಿಡು. ಕೂಗು. ಜೋರಾಗಿ."

ಅವನು ಉಸಿರೆಳೆದು, ಶೂ ಕೆಳಗಿಟ್ಟು, ಕೂಗಿದ. "ಅರಬಾ!"

ದಂಡೆಯುದ್ದಕ್ಕೂ ಹೆಂಗಸರು ತಿರುಗಿ ನೋಡಿದರು. ಮೀನು ಹರಡುತ್ತಿದ್ದವರು, ಬುಟ್ಟಿ ಹೊತ್ತವರು, ಮಗುವಿಗೆ ಹಾಲೂಡುತ್ತಿದ್ದವಳು, ಕೋಲೂರಿದ ಮುದುಕಿಯೊಬ್ಬಳು. "ಯಾರೋ ಅದು, ಏನು ಬೇಕೋ ನಿನಗೆ?" ಎಂದು ಹತ್ತು ಕಡೆಯಿಂದ ಕೇಳಿತು.

ಅವಳೊಬ್ಬಳೇ ತಿರುಗಲಿಲ್ಲ. ಅವಳು ಆಗಲೇ ಅವನನ್ನೇ ನೋಡುತ್ತಿದ್ದಳು.